ಕರಿಹಲಗೆಯ ಕೋಟೆಯಿಂದ ಬಂದ ಕಾಗದ

"ಮತ್ತೆ ಯಾರು? ಬೆಳಗಿಂದ ಇದು ಮೂರನೇ ಸಲ. ಒಂದು ರೊಟ್ಟಿ ತಟ್ಟಿ ಮುಗಿಸೋಕೂ ಬಿಡಲ್ವಲ್ಲ ಈ ಊರು," ಎಂದು ಗೊಣಗುತ್ತ ಹೊನ್ನಾಜಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದಳು.

ಇದು ಬಹಳ ಹಿಂದಿನ ಮಾತು. ಏಳು ಗುಡ್ಡಗಳಾಚೆ ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಒಬ್ಬ ಮಾಯಾವಿ ಕರಿಹಲಗೆ ಹೊತ್ತು ಬಂದ. "ನಿಮ್ಮ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುತ್ತೇನೆ, ಕಾಗದ ಬರೆಯುವುದನ್ನು ಕಲಿಸುತ್ತೇನೆ," ಎಂದ. ರಾಜ ಹಿಗ್ಗಿ ಬೆಟ್ಟದ ಮೇಲಿನ ಕೋಟೆಯನ್ನೇ ಕೊಟ್ಟ. ತಾಯಂದಿರು ಹಿಗ್ಗಿ ಮಕ್ಕಳನ್ನೇ ಕೊಟ್ಟರು. ಮಕ್ಕಳು ಮರಳಿ ಬರಲಿಲ್ಲ, ಇಂಗ್ಲಿಷ್ ಕಾಗದಗಳು ಬಂದವು. ಊರಿನಲ್ಲಿ ಅವನ್ನು ಓದಬಲ್ಲವಳು ಹತ್ತನೇ ತರಗತಿಯವರೆಗೆ ಕಲಿತ ಹೊನ್ನಾಜಿ ಒಬ್ಬಳೇ.

ಬಾಗಿಲಲ್ಲಿ ಪಕ್ಕದ ಮನೆಯ ದ್ಯಾವಕ್ಕ ಗೋಡೆ ಹಿಡಿದು ಕೆಮ್ಮುತ್ತಿದ್ದಳು. "ನನ್ನ ಮಗಳು ಸಂಕಿ ಬರೆದಿದ್ದಾಳೆ ಕಣೆ. ನನ್ನ ಕೈಲಾಗ್ತಿಲ್ಲ, ಒಂದು ಸಲ ಬಂದು ಹೋಗು ಅಂತ ನಿನ್ನ ಹತ್ತಿರವೇ ಬರೆಸಿದ್ದೆನಲ್ಲ. ಯಾವತ್ತು ಬರ್ತಾಳಂತೆ ನೋಡು."

ಹೊನ್ನಾಜಿ ಮನಸ್ಸಿನಲ್ಲೇ ಓದಿಕೊಂಡಳು. ನಾನು ಕ್ಷೇಮ. ಇಲ್ಲಿ ಊಟ ಚೆನ್ನಾಗಿದೆ. ನೀವು ಬರಬೇಡಿ.

ಬೆಳಿಗ್ಗೆ ಬಂದ ಇಬ್ಬರ ಕಾಗದದಲ್ಲೂ ಅದೇ ಇತ್ತು. ಅವಳ ಮಗಳು ಕೆಂಚಿಯ ಕಾಗದದಲ್ಲೂ ಅದೇ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆಯಿಲ್ಲ.

"ಬರ್ತಾಳಂತೆ ಅಕ್ಕ," ಎಂದು ಸುಳ್ಳು ಹೇಳಿದಳು.

ಮೂರನೇ ದಿನ ದ್ಯಾವಕ್ಕ ಬಾಗಿಲ ಕಡೆ ಮುಖ ಮಾಡಿಕೊಂಡೇ ಸತ್ತಳು. ಅವಳನ್ನು ಮಣ್ಣು ಮಾಡಿ ಬಂದ ಹೊನ್ನಾಜಿ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿದಳು.

ಕೋಟೆಯ ತುಂಬ ಗಿಳಿಗಳು. ಕೋಟೆಗೆ ಬಂದು ವರ್ಷ ತುಂಬಿದ ಮಕ್ಕಳೆಲ್ಲ ಗಿಳಿಗಳಾಗಿ, "ನಾನು ಕ್ಷೇಮ, ನಾನು ಕ್ಷೇಮ" ಎನ್ನುತ್ತಿದ್ದರು. ಉಳಿದವರು ಸಾಲಾಗಿ ಕೂತು ಹಲಗೆ ನೋಡಿ ಬರೆಯುತ್ತಿದ್ದರು. ಕೆಂಚಿ ತಾಯಿಯನ್ನು ಗುರುತಿಸಲಿಲ್ಲ. ಅವಳ ಕತ್ತಿನಲ್ಲಿ ಆಗಲೇ ಹಸಿರು ಪುಕ್ಕ ಮೂಡಿತ್ತು.

ಮಾಯಾವಿ ನಕ್ಕ. "ಹತ್ತನೇ ತರಗತಿಯವಳು ನನ್ನ ಮಕ್ಕಳಿಗೆ ಕಲಿಸಲು ಬಂದೆಯಾ? ಹಲಗೆಯಲ್ಲಿ ಇಲ್ಲದ ಒಂದೇ ಒಂದು ಸಾಲನ್ನು ಯಾರಿಂದಲಾದರೂ ಬರೆಸು, ಎಲ್ಲರನ್ನೂ ಬಿಡುತ್ತೇನೆ. ಮೂರು ದಿನ ಕೊಟ್ಟೆ. ಸೋತಷ್ಟೂ ಕಲ್ಲಾಗುತ್ತೀಯೆ."

"ನಿನ್ನ ಮಕ್ಕಳಂತೆ. ಹೆರಿಗೆ ನೋವು ಯಾವಾಗ ಬಂದಿತ್ತು ನಿನಗೆ?" ಎಂದಳು ಹೊನ್ನಾಜಿ.

ಮೊದಲ ದಿನ ವ್ಯಾಕರಣದ ಸೂತ್ರಗಳನ್ನು ಹೇಳಿಕೊಟ್ಟಳು. ಮಕ್ಕಳು ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸಿದರು. ಬರೆಯುವಾಗ ಮಾತ್ರ ಹಲಗೆಯಲ್ಲಿದ್ದುದನ್ನೇ ಬರೆದರು. ಅವಳ ಎಡಗೈ ಕಲ್ಲಾಯಿತು.

ಎರಡನೇ ದಿನ, "ಹೀಗೆ ಬರೆಯಿರಿ," ಎಂದು ಹಲಗೆಯ ಮೂಲೆಯಲ್ಲಿ ತಾನೇ ಒಂದು ಕಾಗದ ಬರೆದು ತೋರಿಸಿದಳು. ನನ್ನ ಮಗಳು ಕೆಂಚಿಯನ್ನು ಮನೆಗೆ ಕಳಿಸಿ. ಮಕ್ಕಳು ಅದನ್ನೂ ನಕಲು ಮಾಡಿದರು. ಎಲ್ಲರೂ "ನನ್ನ ಮಗಳು ಕೆಂಚಿ" ಎಂದು ಬರೆದಿದ್ದರು. ಕೆಂಚಿಯೂ ಹಾಗೇ ಬರೆದಿದ್ದಳು. ಬಲಗೈಯೂ ಕಲ್ಲಾಯಿತು.

"ನೀನೂ ನನ್ನ ಹಾಗೇ ಕಲಿಸುತ್ತೀಯಲ್ಲ," ಎಂದ ಮಾಯಾವಿ. ಆ ಮಾತು ಕಲ್ಲಿಗಿಂತ ಭಾರವಾಗಿತ್ತು.

ಮೂರನೇ ದಿನ ಬರೆದು ತೋರಿಸಲು ಅವಳಿಗೆ ಕೈಗಳೇ ಇರಲಿಲ್ಲ. ಹಲಗೆಗೆ ಬೆನ್ನು ಹಾಕಿ, ಎಲ್ಲರಿಗಿಂತ ಕೊನೆಗೆ ಕೋಟೆ ಸೇರಿದ್ದ ಸಂಕಿಯ ಮುಂದೆ ಕೂತಳು.

"ಮನೆ ಬಿಟ್ಟ ದಿನ ಏನು ತಿಂದೆ ಮಗ?"

ಸಂಕಿ ಹಲಗೆಯಿಂದ ಕಣ್ಣು ಕಿತ್ತು ಹೊನ್ನಾಜಿಯ ಮುಖ ನೋಡಿದಳು. "ಸೌತೆಕಾಯಿ. ಅವ್ವ ಖಾರ ಹಚ್ಚಿ ಕೊಟ್ಟಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಅವ್ವ ನಕ್ಕಳು."

"ಅದನ್ನೇ ಇಂಗ್ಲಿಷಿನಲ್ಲಿ ಬರಿ."

"ತಪ್ಪಾಗುತ್ತೆ."

"ಆಗಲಿ. ಬರೆದರೆ ತಾನೇ ತಿದ್ದೋದು?"

ಸಂಕಿ ಬರೆದಳು. ಒಂದು ಸಾಲಿನಲ್ಲಿ ನಾಲ್ಕು ತಪ್ಪು. ಹಲಗೆ ನಡುವೆ ಸೀಳಿತು. ಮಾಯಾವಿ ಅಡಿಯಿಂದ ಮುಡಿಯವರೆಗೆ ಸುಣ್ಣದ ಪುಡಿಯಾಗಿ ಉದುರಿದ. ಗಿಳಿಗಳೆಲ್ಲ ಮಕ್ಕಳಾಗಿ ನೆಲಕ್ಕಿಳಿದವು. "ಅವ್ವ, ಹಸಿವು," ಎಂದಳು ಕೆಂಚಿ. ಹೊನ್ನಾಜಿಯ ಬಲಗೈಗೆ ಜೀವ ಬಂತು. ಎಡಗೈ ಕಲ್ಲಾಗಿಯೇ ಉಳಿಯಿತು.

ಅಂದು ಮಣಿಗಿರಿಯಲ್ಲಿ ಒಂದು ಮನೆ ಬಿಟ್ಟು ಎಲ್ಲ ಮನೆಗಳಲ್ಲೂ ಪಾಯಸ ಬೆಂದಿತು. ಆದರೆ ಅದಕ್ಕೂ ಮೊದಲು, ಬೆಟ್ಟ ಇಳಿಯುವ ದಾರಿಯಲ್ಲಿ, ಸಂಕಿ ಆ ಕಲ್ಲಿನ ಕೈ ಹಿಡಿದುಕೊಂಡು ನಡೆಯುತ್ತಿದ್ದಳು. ಅವಳ ಇನ್ನೊಂದು ಕೈಯಲ್ಲಿ ತಾನು ಬರೆದ ಕಾಗದವಿತ್ತು.

"ಚಿಕ್ಕವ್ವ, ತಪ್ಪೆಲ್ಲ ತಿದ್ದಿದ್ದೀನಿ. ನಮ್ಮವ್ವನಿಗೆ ಓದೋಕೆ ಬರಲ್ವಲ್ಲ. ಹೋದ ತಕ್ಷಣ ನೀನೇ ಓದಿ ಹೇಳ್ತೀಯಾ?"