ಕೀಲಿ ತೆಗೆದ ಮೇಲೂ ಮಾತಾಡುವ ಲಾರಿ

ಕಬ್ಬಿಣದ ರಾಡು ನನ್ನ ಮೊಣಕಾಲಿನ ಮೇಲಿತ್ತು.

ಇನ್ನೂ ಹೊಡೆದಿರಲಿಲ್ಲ. ಎಲ್ಲಿ ಹೊಡೆಯಬೇಕೆಂದು ಅಳತೆ ನೋಡುತ್ತಿತ್ತು.

“ಕೀಲಿ ಕೊಡ ಮುದುಕಾ.”

“ಜೇಬಿನ್ಯಾಗ ಐತಿ. ವಯಸ್ಸಾಗೇತಿ ತಮ್ಮಾ, ಕೈ ಲಗೂ ಹೋಗಂಗಿಲ್ಲ.”

ಗಜೇಂದ್ರಗಡದ ಹತ್ತಿರ, ಗುಡ್ಡದ ಇಳಿಜಾರು. ಹೊತ್ತು ಇಳಿಯುತ್ತಿತ್ತು. ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿದ್ದವು. ಲಾರಿಯ ಇಂಜಿನ್ ಆಫ್. ಡ್ರೈವರ್ ಸೀಟಿನಲ್ಲಿ ನಾನು. ಹೊರಗೆ ಫುಟ್‌ಬೋರ್ಡ್ ಮೇಲೆ ನಿಂತು ಕಿಟಕಿಯಿಂದ ರಾಡು ತೂರಿಸಿದವನು ಗೂಳಿಯಂಥ ಆಳು. ಅವನ ಜೊತೆಗಾರ ಹಿಂದೆ ಲೋಡಿನ ಮೇಲೆ ಹತ್ತಿ ತಾಡಪತ್ರಿ ಎತ್ತಿ ನೋಡುತ್ತಿದ್ದ. ಮುಂದೆ ಸ್ವಲ್ಪ ದೂರದಲ್ಲಿ, ರಸ್ತೆಗೆ ಅಡ್ಡಲಾಗಿ, ಅವರ ಪಿಕಪ್ ಗಾಡಿ.

ಆಗ ಲಾರಿಯ ಸ್ಪೀಕರ್ ಗುರುಗುಟ್ಟಿತು.

ಟಿಟ್-ಟಿಟಿಟ್... ಟಿಟ್-ಟಿಟಿಟ್... ಗುರ್ರ್...

ಗೂಳಿ ಬೆಚ್ಚಿದ. “ಏನದು? ಗಾಡಿ ಆಫ್ ಐತಲ್ಲ?”

“ನಿಮ್ಮ ಸಾವಕಾರ,” ಎಂದೆ. “ನಾವು ಎಲ್ಲಿ ನಿಂತೀವಿ ಅಂತ ನೋಡಾಕತ್ತಾನ.”

ಆ ಸದ್ದಿನ ಕತೆಯನ್ನು ಮೊದಲು ಕೇಳಿ. ರಾಡು ಎಲ್ಲಿಗೂ ಹೋಗುವುದಿಲ್ಲ.

ನನ್ನ ಹೆಸರು ಹೊಳಿಯಪ್ಪ. ಊರು ಹೊಳೆಮಣ್ಣೂರ, ಮನೆ ರೋಣದಲ್ಲಿ. ಕಳುವಾದ ಲಾರಿಗಳನ್ನು ಹುಡುಕಿಕೊಡುವುದು ನನ್ನ ಕಸುಬು. ಬೆಳಿಗ್ಗೆ ಸ್ನಾನ, ಪೂಜೆ, ಭಜನೆಯ ಒಂದು ಪದ. ಆಮೇಲೆ ಕಳ್ಳರು.

ಈ ಲಾರಿ ನನ್ನ ಮಗ ರಾಜರತ್ನನದು. ಗಾಡಿಯ ಮೊದಲ ಸದ್ದು ದೇವರದಾಗಬೇಕು, ಇಂಜಿನ್ನಿನದಲ್ಲ ಎನ್ನುತ್ತಿದ್ದ. ಅದಕ್ಕೇ ಸ್ಪೀಕರಿನ ತಂತಿಯನ್ನು ಕೀಲಿಯ ಕಡೆಗೆ ಒಯ್ಯದೆ ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದ. ಗಾಲಿಗೆ ನಿಂಬೆಹಣ್ಣು, ಗಾಜಿನ ಮುಂದೆ ಊದಿನಕಡ್ಡಿ, ಸ್ಪೀಕರಿನಲ್ಲಿ ತಾನೇ ಹಾಡಿ ತುಂಬಿಸಿದ ಭಜನೆ. ಪದ ಮುಗಿದ ಮೇಲೆ ಕೀಲಿ.

ಹೋದ ವರ್ಷ ಹೊಳೆಆಲೂರು ರಸ್ತೆಯಲ್ಲಿ ಅವನಿಗೆ ಎದೆ ಹಿಡಿದುಕೊಂಡಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟ. ನಾನು ಹೋಗಿ ಮುಟ್ಟುವಾಗ ಮೈ ತಣ್ಣಗಿತ್ತು. ಸ್ಪೀಕರಿನಲ್ಲಿ ಮಾತ್ರ ಅವನು ಹಾಡುತ್ತಲೇ ಇದ್ದ. ಬ್ಯಾಟರಿ ಮುಗಿಯುವ ತನಕ ಹಾಡಿದ.

ಶಿವ ಕರೆದುಕೊಂಡ. ಯಾಕೆಂದು ನಾನು ಕೇಳಲಿಲ್ಲ. ಆದರೆ ಆ ತಂತಿಗೆ ಯಾರೂ ಕೈ ಹಚ್ಚಲು ಬಿಡಲಿಲ್ಲ.

ಅವನ ಕೈಕೆಳಗೆ ಕ್ಲೀನರ್ ಆಗಿದ್ದ ಶಾಹೀದ ಈಗ ಅದೇ ಲಾರಿಯ ಡ್ರೈವರ್. ಐದು ಹೊತ್ತಿನ ನಮಾಜಿನವನು. ಆದರೂ ಬೆಳಿಗ್ಗೆ ರಾಜರತ್ನನ ಪದ ಮುಗಿಯದೆ ಕೀಲಿ ತಿರುಗಿಸುವುದಿಲ್ಲ.

ಈ ಬೆಳಿಗ್ಗೆ ಅವನ ತಾಯಿ ಖಾಜಾಬಿ ನನ್ನ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಕೂರಲಿಲ್ಲ.

“ಹೊಳಿಯಪ್ಪಣ್ಣಾ, ನನ್ನ ಮಗನ್ನ ಒಳಗ ಹಾಕ್ತಾರಂತ.”

“ಯಾರು ಅಂದ್ರು?”

“ನರಗುಂದದ ಶಶಿಕಾಂತ. ಎರಡು ಸಲ ಲೋಡು ಹೋತು. ಮತ್ತೊಮ್ಮೆ ಹೋತಂದ್ರ ಪೊಲೀಸರಿಗೆ ಕೊಡ್ತೀನಿ ಅಂದಾನ. ಇವತ್ತ ಮತ್ತ ಲೋಡು ಐತಿ. ಸೊಸಿ ಜಬೀನಗ ದಿನಾ ತುಂಬ್ಯಾವ. ಆಕಿಗ ಏನಂತ ಹೇಳ್ಲಿ?”

ಶಶಿಕಾಂತ ನರಗುಂದದ ಟ್ರಾನ್ಸ್‌ಪೋರ್ಟ್ ಏಜೆಂಟ್. ನಮ್ಮ ಲಾರಿಗೆ ಲೋಡು ಕೊಡುವವನು ಅವನೇ. ಎರಡು ಸಲವೂ ಒಂದೇ ಕತೆ. ಶಾಹೀದ ದಾರಿಯಲ್ಲಿ ನಮಾಜಿಗೆ ನಿಲ್ಲುತ್ತಾನೆ. ತಿರುಗಿ ಬಂದರೆ ಬ್ಯಾಟರಿ ಇಳಿದಿರುತ್ತದೆ, ಗಾಡಿ ಚಾಲೂ ಆಗುವುದಿಲ್ಲ. ಅಷ್ಟರಲ್ಲಿ ಮುಖ ಕಟ್ಟಿಕೊಂಡ ಇಬ್ಬರು ಬರುತ್ತಾರೆ. ಲಾರಿ ಮರುದಿನ ಎಲ್ಲೋ ಖಾಲಿಯಾಗಿ ಸಿಗುತ್ತದೆ. ಅವನು ನಿಲ್ಲುವ ಜಾಗ ಅವರಿಗೆ ಹೇಗೆ ಗೊತ್ತು? ಅವನೇ ಹೇಳಿರಬೇಕು ಎಂದು ಊರೆಲ್ಲ ಮಾತಾಡಿತು.

“ಖಾಜಾಬಿ, ಇವತ್ತ ನಾನ ಕ್ಲೀನರ್,” ಎಂದೆ.

ನರಗುಂದ. ಗೋದಾಮಿನ ಅಂಗಳದಲ್ಲಿ ಹಮಾಲರು ಕಡಲೆ ಚೀಲ ಏರಿಸುತ್ತಿದ್ದರು. ಕುರ್ಚಿ ಹಾಕಿಕೊಂಡು ಕುಳಿತಿದ್ದ ಶಶಿಕಾಂತ ನನ್ನನ್ನು ಕಂಡು ಎದ್ದು ನಿಂತ. ರಾಜರತ್ನನ ಮಣ್ಣಿಗೆ ಬಂದು ಕಣ್ಣೊರೆಸಿಕೊಂಡವನು ಅವನು.

“ಬರ್ರಿ ಕಾಕಾ. ಈ ವಯಸ್ಸಿನ್ಯಾಗ ಗಾಡಿ ಹತ್ತೀರೇನ್ರಿ?”

“ಮನ್ಯಾಗ ನಿದ್ದಿ ಬರವಲ್ದು ಶಶಿಕಾಂತ. ಕ್ಯಾಬಿನ್ನಿನ್ಯಾಗರ ಬರ್ತೈತೇನೋ ಅಂತ ಬಂದೆ.”

“ನಿಮ್ಮ ಮ್ಯಾಲ ನನಗ ಸಂಶೇ ಇಲ್ರಿ. ಹುಡುಗನ ಮ್ಯಾಲ ಐತಿ. ಇವತ್ತಿನ ಲೋಡು ಹೋತಂದ್ರ ಕಂಪ್ಲೇಂಟ್ ಕೊಡಾಂವ. ಬರದ ಇಟ್ಟೀನಿ.”

“ಹೋಗೂಕಿಂತ ಮೊದಲ ಬರದಿಟ್ಟಿ? ಭಾಳ ಶಾಣ್ಯಾ ಅದಿ ಬಿಡು.”

ಅವನು ನಕ್ಕ. ನಾನೂ ನಕ್ಕೆ. ಇಬ್ಬರ ನಗುವೂ ಚೆನ್ನಾಗಿರಲಿಲ್ಲ.

ಕ್ಯಾಬಿನ್ ಹತ್ತಿದೆ. ಕೀಲಿ ಶಾಹೀದನ ಕೈಯಲ್ಲಿತ್ತು. ಆದರೂ ಸ್ಪೀಕರ್ ಗುರುಗುಟ್ಟಿತು. ಟಿಟ್-ಟಿಟಿಟ್...

“ಯಾವಾಗಿಂದ ಹಿಂಗ?”

“ಭಾಳ ದಿನಾ ಆತು ಕಾಕಾ. ಬ್ಯಾಟರೀನೂ ಮೊದಲಿನಂಗ ತಾಳವಲ್ದು. ಚಾ ಕುಡದ ಬರೂದ್ರಾಗ ಇಳೀತೈತಿ. ತಂತಿ ಸಡ್ಲ ಆಗಿರಬೇಕು.”

“ಬಿಚ್ಚಿ ನೋಡಲಿಲ್ಲೇನ?”

ಶಾಹೀದ ತಲೆ ತಗ್ಗಿಸಿದ. “ರಾಜಣ್ಣ ಕೂಡಿಸಿದ ತಂತಿ ಕಾಕಾ. ಹ್ಯಾಂಗ ಮುಟ್ಟಲಿ?”

ನೋಡಿ, ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಬೀಗ ಸಿಗುವುದಿಲ್ಲ. ಸತ್ತವನ ಕೈ ಮುಟ್ಟಿದ ಜಾಗ. ನಾವು ಯಾರೂ ಅಲ್ಲಿ ಇಣುಕಿಯೂ ನೋಡಿರಲಿಲ್ಲ.

“ನಿನ್ನ ಫೋನ್ ಕೊಡು.”

ಅವನದು, ನನ್ನದು, ಎರಡನ್ನೂ ದೂರದ ಚೀಲದ ಮೇಲೆ ಇಟ್ಟು ಬಂದೆ. ಕಾದೆವು.

ಟಿಟ್-ಟಿಟಿಟ್...

ಹಳೆಯ ಮೊಬೈಲನ್ನು ರೇಡಿಯೋ ಪಕ್ಕ ಇಟ್ಟಿದ್ದೀರಾ? ಕರೆ ಬರುವುದು ಫೋನಿಗಿಂತ ಮೊದಲು ರೇಡಿಯೋಗೆ ಗೊತ್ತಾಗುತ್ತದೆ. ಅದೇ ಸದ್ದು. ಆದರೆ ಈಗ ಕ್ಯಾಬಿನ್ನಿನಲ್ಲಿ ಫೋನೇ ಇಲ್ಲ.

ಹಾಗಾದರೆ ಮೂರನೆಯದು ಯಾರದು?

ದೇವರನ್ನು ನೆನೆದು ಮಗನ ತಂತಿಗೆ ಕೈ ಹಾಕಿದೆ. ಡ್ಯಾಶ್‌ಬೋರ್ಡಿನ ಹಿಂದೆ, ಸ್ಪೀಕರಿನ ತಂತಿಗೆ ಅಂಟಿಕೊಂಡು, ಬೆಂಕಿಪೆಟ್ಟಿಗೆಯಷ್ಟು ಕಪ್ಪು ಡಬ್ಬಿ. ಒಳಗೆ ಸಿಮ್. ಗಾಡಿ ಎಲ್ಲಿದೆ ಎಂದು, ಕೇಳಿದಾಗಲೆಲ್ಲ ಯಾರದೋ ಮೊಬೈಲಿಗೆ ಹೇಳುವ ಡಬ್ಬಿ. ಹಗಲೂ ರಾತ್ರಿ ನಮ್ಮ ಬ್ಯಾಟರಿಯನ್ನೇ ಕುಡಿಯುತ್ತಿತ್ತು. ಬೇರೆ ಲಾರಿಯಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೀಲಿ ತೆಗೆದ ಲಾರಿ ಮೂಕ. ನಮ್ಮದು ಮೂಕ ಅಲ್ಲ. ಅದು ಇಟ್ಟವನಿಗೆ ಗೊತ್ತಿರಲಿಲ್ಲ.

ಶಾಹೀದ ಕೀಳಲು ಕೈ ಚಾಚಿದ. ಹಿಡಿದೆ.

“ಬ್ಯಾಡ. ಯಾರದಂತ ಅದ ಹೇಳ್ತೈತಿ. ಸ್ಪೀಕರ್ ಫುಲ್ ಇಡು. ಗಾಡಿ ಗೋದಾಮಿನ ಹಿಂದ ಒಯ್ದು ಆರಿಸು.”

ನಾನು ಹೋಗಿ ಶಶಿಕಾಂತನ ಪಕ್ಕ ಕುಳಿತೆ. ಚಹಾ ಬಂತು. ಲಾರಿ ಮರೆಯಾಯಿತು. ಇಂಜಿನ್ ನಿಂತಿತು.

“ಎಲ್ಲಿ ಹೋದ ಅಂವಾ?” ಎಂದ ಶಶಿಕಾಂತ.

“ಯಾರಿಗೊತ್ತು? ಹೊಂಟನೇನೋ.”

ಅವನ ಹೆಬ್ಬೆರಳು ಮೊಬೈಲ್ ಮೇಲೆ ಓಡಿತು. ಗೋದಾಮಿನ ಹಿಂದೆ ಸ್ಪೀಕರ್ ಗುರುಗುಟ್ಟಿತು.

ಫೋನ್ ಕೆಳಗಿಟ್ಟ. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದ. ಮತ್ತೆ ಗುರುಗುಟ್ಟಿತು.

“ಏನ್ರಿ ಅದು ಸಪ್ಪಳ?”

“ನಮ್ಮ ಸ್ಪೀಕರ್. ಕೆಟ್ಟೈತಿ.”

“ತಂತಿ ಕಿತ್ತ ಒಗೀರಿ ಕಾಕಾ.”

“ರಾಜರತ್ನ ಹಾಕಿದ್ದು.”

“ಪಾಪ,” ಎಂದ. ನನ್ನ ಚಹಾ ಕಹಿಯಾಯಿತು.

ಆದರೆ ಸ್ಪೀಕರ್ ಕೋರ್ಟಿಗೆ ಬಂದು ಸಾಕ್ಷಿ ಹೇಳುವುದಿಲ್ಲ. ಹವಾಲ್ದಾರ ರಾಯಣ್ಣನಿಗೆ ಫೋನ್ ಮಾಡಿದೆ. ಗಜೇಂದ್ರಗಡದ ಇಳಿಜಾರಿನ ಬುಡದಲ್ಲಿ ಒಂದು ಚಹಾದಂಗಡಿ ಇದೆ. ಖಾಕಿ ಬಿಟ್ಟು ಅಲ್ಲಿ ಬಂದು ಕೂರು, ಜೊತೆಗೆ ಇಬ್ಬರಿರಲಿ ಎಂದೆ.

ರೋಣ ದಾಟಿದೆವು. ಕನ್ನಡಿಯಲ್ಲಿ ಒಂದು ಪಿಕಪ್ ಕಾಣಿಸಿತು... ಮರೆಯಾಯಿತು... ಮತ್ತೆ ಕಾಣಿಸಿತು.

“ಕಾಕಾ, ಅಸರ್ ಹೊತ್ತಾತು,” ಎಂದ ಶಾಹೀದ. “ನಿಲ್ಲೂದೋ ಬ್ಯಾಡೋ?”

“ನಮಾಜ್ ಬಿಡಬ್ಯಾಡ. ಆದರ ಇವತ್ತ ಸಪಾಟಿನ್ಯಾಗ ನಿಲ್ಲಸಬ್ಯಾಡ. ಇಳಿಜಾರಿನ್ಯಾಗ ನಿಲ್ಲಸು, ಮೂತಿ ಕೆಳಗ ಮಾಡಿ.”

ಅವನು ಟವೆಲ್ ತೆಗೆದುಕೊಂಡು ದೂರದ ಬೇವಿನ ಮರದ ಕೆಳಗೆ ಹೋದ. ನಾನು ಅವನ ಸೀಟಿಗೆ ಸರಿದೆ. ಪಿಕಪ್ ನಮ್ಮನ್ನು ದಾಟಿ ಅಡ್ಡ ನಿಂತಿತು.

ಈಗ ರಾಡಿಗೆ ಬರೋಣ.

“ಯಾವ ಸಾವಕಾರ?” ಗೂಳಿಯ ದನಿ ಒಡೆಯಿತು. “ಕೀಲಿ ಕೊಡ ಅಂದ್ರ!”

“ಕೊಡೂದ್ಯಾಕ? ನಾನ ಚಾಲೂ ಮಾಡ್ತೀನಿ.”

ಕೀಲಿ ಹಾಕಿ ತಿರುಗಿಸಿದೆ. ಕಟ್... ಕಟ್... ಅಷ್ಟೆ. ಸ್ಪೀಕರ್ ಗೊಣಗುವಷ್ಟು ಕರೆಂಟ್ ಇತ್ತು. ಇಂಜಿನ್ ತಿರುಗಿಸುವಷ್ಟು ಇರಲಿಲ್ಲ.

ಗೂಳಿ ನಕ್ಕ. “ಸತ್ತೈತಿ ಅಜ್ಜಾ. ನಮಗ ಗೊತ್ತಿಲ್ಲೇನ? ಇಳಿ. ನಮ್ಮ ಬ್ಯಾಟರಿ ಹಚ್ಚಿ ಒಯ್ತೀವಿ.”

“ಗೊತ್ತೈತಿ ಅಂದಿ. ಚಲೋ ಆತು.”

ಹ್ಯಾಂಡ್‌ಬ್ರೇಕ್ ಬಿಟ್ಟೆ.

ಲಾರಿ ಮೊದಲು ಉಸಿರಾಡಿದಂತೆ ಅಲುಗಿತು. ಆಮೇಲೆ ಹೊರಟಿತು. ಕಡಲೆಯ ಭಾರ ಹಿಂದಿನಿಂದ ನೂಕಿತು. ಗೂಳಿ ರಾಡು ಬಿಟ್ಟು ಕನ್ನಡಿಯ ಕಂಬಿ ಹಿಡಿದ. ಎರಡನೇ ಗೇರು... ಕ್ಲಚ್ ಬಿಟ್ಟೆ... ಲಾರಿ ಒಮ್ಮೆ ಜಗ್ಗಿತು...

ಇಂಜಿನ್ ಗರ್ಜಿಸಿತು.

ಪಿಕಪ್ಪಿನ ಹಿಂಬದಿಗೆ ಬಂಪರ್ ತಾಗಿತು. ಅದು ಗಿರಕಿ ಹೊಡೆದು ಗಟಾರಕ್ಕೆ ಇಳಿಯಿತು. ಮೇಲೆ ಲೋಡಿನ ಮೇಲಿದ್ದವನು ಹಗ್ಗ ಅಪ್ಪಿಕೊಂಡು ಕೂಗುತ್ತಿದ್ದ. ಇಂಜಿನ್ನಿನ ಕರೆಂಟ್ ಸಿಕ್ಕು ಸ್ಪೀಕರಿಗೆ ಜೀವ ಬಂತು. ಫುಲ್ ದನಿಯಲ್ಲಿ ನನ್ನ ಮಗ ಹಾಡಿದ. ಇಡೀ ಗುಡ್ಡ ಕೇಳಿಸಿಕೊಂಡಿತು.

“ನಿಲ್ಲಸೋ ಅಜ್ಜಾ! ಕೈ ಜಾರತೈತಿ!”

“ಗಟ್ಟಿ ಹಿಡಕೋ. ಪದ ಮುಗಿಯೂ ತನಕ ನಿಲ್ಲಸಂಗಿಲ್ಲ.”

ಅವನ ಅಂಗಿಯ ಜೇಬಿನಲ್ಲಿ ಫೋನ್ ರಿಂಗಾಯಿತು. ಅವನಿಗೆ ಎರಡು ಕೈಗೂ ಕೆಲಸವಿತ್ತು. ನಾನೇ ಕಿಟಕಿಯಿಂದ ಕೈ ಚಾಚಿ ತೆಗೆದೆ. ಪರದೆಯ ಮೇಲೆ ‘ಶಶಿಯಣ್ಣ’.

ಉತ್ತರಿಸಲಿಲ್ಲ. ಕೆಳಗೆ ಚಹಾದಂಗಡಿಯ ಮುಂದೆ ಲಾರಿ ನಿಲ್ಲಿಸಿದೆ. ರಾಯಣ್ಣನ ಇಬ್ಬರು ಗೂಳಿಯನ್ನು ಹಣ್ಣು ಬಿಡಿಸಿದಂತೆ ಬಾಗಿಲಿನಿಂದ ಬಿಡಿಸಿಕೊಂಡರು. ಮೇಲಿನವನು ತಾನಾಗಿಯೇ ಇಳಿದ. ಫೋನ್ ಮತ್ತೆ ರಿಂಗಾಯಿತು. ರಾಯಣ್ಣನ ಕೈಗೆ ಕೊಟ್ಟೆ. ಅವನು ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಹಿಡಿದ.

“ಏನೋ, ಲೋಡು ಸಿಕ್ಕತೇನ?” ಶಶಿಕಾಂತನ ದನಿ. “ಗಾಡಿ ಕೆಳಗ ಬಂದ ನಿಂತೈತಿ ಅಂತ ತೋರಸಾಕತ್ತೈತಿ. ಆ ಮುದುಕನ್ನ ಏನ್ ಮಾಡಿದ್ರಿ?”

“ಇಲ್ಲೇ ಅದಾನ್ರಿ,” ಎಂದ ರಾಯಣ್ಣ. “ಚಾ ಕುಡ್ಯಾಕತ್ತಾನ. ನೀವು ಅಲ್ಲೇ ಕುಂದರ್ರಿ. ನಾವ ಬರ್ತೀವಿ.”

ಆಚೆ ಬದಿ ಫೋನ್ ಕಟ್ಟಾಯಿತು.

ಹೊತ್ತು ಮುಳುಗುವ ಮೊದಲೇ ನರಗುಂದದ ಪೊಲೀಸರು ಶಶಿಕಾಂತನನ್ನು ಅವನ ಕುರ್ಚಿಯಿಂದಲೇ ಎಬ್ಬಿಸಿಕೊಂಡು ಹೋದರು. ಅವನು ಬರೆದಿಟ್ಟಿದ್ದ ಕಂಪ್ಲೇಂಟ್ ಮೇಜಿನ ಮೇಲೇ ಇತ್ತಂತೆ. ನಮಾಜ್ ಮುಗಿಸಿ ಇಳಿಜಾರು ಇಳಿದು ಬಂದಿದ್ದ ಶಾಹೀದನೇ ಖಾಜಾಬಿಗೆ ಫೋನ್ ಮಾಡಿದ. ಅವಳು ಅಳುವುದು ಮಾತ್ರ ಕೇಳಿಸಿತಂತೆ.

ಮರುದಿನ ಬೆಳಿಗ್ಗೆ ಠಾಣೆಯ ಅಂಗಳ. ಪಂಚನಾಮೆ ಮುಗಿದಿತ್ತು. ಡಬ್ಬಿ ಕಿತ್ತಿದ್ದರು. ಶಾಹೀದ ಗಾಲಿಗೆ ನಿಂಬೆಹಣ್ಣು ಇಟ್ಟ. ರಾಜರತ್ನ ತನ್ನ ಪದ ಹಾಡಿ ಮುಗಿಸಿದ. ಕೀಲಿ ತಿರುಗಿಸಿದರೆ... ಕಟ್. ಕಟ್. ಉಳಿದಿದ್ದ ಕರೆಂಟನ್ನು ಪದವೇ ಕುಡಿದಿತ್ತು.

“ಕಾಕಾ, ಆ ತಂತಿ ಕತ್ತರಿಸ್ರಿ ಇನ್ನರ,” ಎಂದ ರಾಯಣ್ಣ.

“ನೀ ಹಿಂದ ಹೋಗಿ ಕೈ ಹಚ್ಚು,” ಎಂದೆ.

ಹಚ್ಚಿದ. ಬೈಯುತ್ತ, ತನ್ನವರನ್ನೂ ಕರೆದುಕೊಂಡು ಹಚ್ಚಿದ. ಪೊಲೀಸರು ಲಾರಿ ತಡೆದದ್ದನ್ನು ಈ ಕಣ್ಣುಗಳು ಬಹಳ ಕಂಡಿವೆ. ಮುಂದಕ್ಕೆ ನೂಕಿದ್ದನ್ನು ಕಂಡದ್ದು ಅದೇ ಮೊದಲು.