ಎರಡನೇ ಟ್ಯಾಗ್

ರೈಲ್ವೆ ಹಳಿಯ ನಟ್ಟನಡುವೆ ಎಂಜಿನ್ ಸತ್ತಿತು.

ಕೆಮ್ಮಲಿಲ್ಲ. ಗೊರಗುಟ್ಟಲಿಲ್ಲ. ಸೀದಾ ಸತ್ತೇ ಹೋಯಿತು!

ಹಿಂದಿನ ಗೇಟು ಆಗಲೇ ಇಳಿಯುತ್ತಿತ್ತು. ಗಂಟೆ ಒಂದೇ ಸಮನೆ ಬಡಿಯುತ್ತಿತ್ತು. ಸ್ಟೀರಿಂಗ್ ಹಿಡಿದವಳು ನನ್ನ ಅಕ್ಕ. ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಭಾವ.

ಅಕ್ಕ ಕೀ ತಿರುಗಿಸಿದಳು. ಏನೂ ಆಗಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಪುಟ್ಟದೊಂದು ಕೆಂಪು ದೀಪ ಮಾತ್ರ ಮಿಣಮಿಣ ಎನ್ನುತ್ತಿತ್ತು. ಆ ದೀಪ ನನಗೆ ಚೆನ್ನಾಗಿ ಗೊತ್ತು. ಇಮ್ಮೊಬಿಲೈಸರ್! ಕಳ್ಳ ಬಂದು ಕೀ ತಿರುಗಿಸಿದರೆ ಎಂಜಿನ್ನಿಗೆ ಕರೆಂಟು ಹೋಗದಂತೆ ತಡೆಯುವ ಪೆಟ್ಟಿಗೆ. ಅದರ ಜೊತೆ ಬರುವ ಪುಟ್ಟ ಬಿಲ್ಲೆ, ಅಂದರೆ ಟ್ಯಾಗ್, ಹತ್ತಿರವಿದ್ದರೆ ಅದು ಸುಮ್ಮನಿರಬೇಕು. ಟ್ಯಾಗ್ ಅಕ್ಕನ ಕೀಗೊಂಚಲಿನಲ್ಲೇ ನೇತಾಡುತ್ತಿತ್ತು. ಆದರೂ ಪೆಟ್ಟಿಗೆ ಅಕ್ಕನನ್ನೇ ಕಳ್ಳಿ ಎಂದು ತೀರ್ಮಾನಿಸಿಬಿಟ್ಟಿತ್ತು.

"ನ್ಯೂಟ್ರಲ್ ಹಾಕು," ಎಂದೆ.

"ಹಾಕಾಯ್ತು. ನೀನು ಇಳಿ."

ಇಳಿದೆ. ಹಿಂದಿನಿಂದ ಉಸಿರು ಬಿಗಿಹಿಡಿದು ತಳ್ಳಿದೆ. ಗಾಡಿ ಅಲುಗಲಿಲ್ಲ. ಇಣುಕಿ ನೋಡಿದರೆ... ಭಾವ ಮುಂದಿನಿಂದ ತಳ್ಳುತ್ತಿದ್ದರು!

ಅವರನ್ನು ಕತ್ತುಪಟ್ಟಿ ಹಿಡಿದು ಹಿಂದಕ್ಕೆ ಎಳೆದು ತಂದೆ. ಗೇಟಿನವನೂ ಓಡಿಬಂದು ಕೈ ಕೊಟ್ಟ. ಗಾಡಿ ಹಳಿ ದಾಟಿತು. ನಮ್ಮ ಬೆನ್ನ ಹಿಂದೆಯೇ ರೈಲು ಹೋಯಿತು. ಅದರ ಗಾಳಿ ನನ್ನ ಅಂಗಿಯನ್ನು ಬಾವುಟ ಮಾಡಿತು.

ಸುಳ್ಳು ಯಾಕೆ ಹೇಳಲಿ, ಹೆದರಿ ಹೋಗಿದ್ದೆ.

ನನ್ನ ಕೆಲಸ ಏನು ಅಂತ ಕೇಳಿದಿರಲ್ಲ... ಕಾರು ಕದಿಯುವುದು. ಗಾಬರಿಯಾಗಬೇಡಿ, ಎಲ್ಲಾ ಕಾನೂನು ಪ್ರಕಾರವೇ. ಇನ್ಶೂರೆನ್ಸ್ ಕಂಪನಿಯವರು ಕಾರು ಕೊಟ್ಟು ಕದಿಯಲು ಹೇಳುತ್ತಾರೆ. ಕದ್ದರೆ ಬೀಗ ದಂಡ ಎಂದು ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ತಡೆದ ಕಾರು ಒಂದೂ ಇರಲಿಲ್ಲ.

ಅಂಥವನ ಅಕ್ಕನ ಕಾರನ್ನೇ ಹೋದ ವರ್ಷ ಕಳ್ಳರು ಹೊಡೆದರು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಆ ಸ್ಕೂಲಿಗಿರುವುದು ಅದೊಂದೇ ಕಾರು. ಕಾರು ನಿಲ್ಲಿಸುತ್ತಿದ್ದ ಖಾಲಿ ಜಾಗದಲ್ಲಿ ನಿಂತು ಅವಳು ಅತ್ತಿದ್ದನ್ನು ನಾನು ನೋಡಿದ್ದೇನೆ. ಎರಡು ತಿಂಗಳ ಮೇಲೆ ಗಾಡಿ ಸಿಕ್ಕಿತು. ಆದರೆ ಇನ್ಶೂರೆನ್ಸಿನವರು ಷರತ್ತು ಹಾಕಿದರು. ಸರ್ಟಿಫೈಡ್ ಫಿಟ್ಟರ್ ಕೈಯಲ್ಲಿ ಇಮ್ಮೊಬಿಲೈಸರ್ ಕೂರಿಸಿ ಅವರ ಸರ್ಟಿಫಿಕೇಟು ತರಬೇಕು. ಇಲ್ಲದಿದ್ದರೆ ಪಾಲಿಸಿ ಇಲ್ಲ, ಪಾಲಿಸಿ ಇಲ್ಲದೆ ಸ್ಕೂಲೂ ಇಲ್ಲ. ಗಡುವು ಅವತ್ತು ಸಂಜೆ ಐದು. ನಾವು ಹಳಿಯ ಮೇಲೆ ಸತ್ತು ಬದುಕಿದಾಗ ಬೆಳಗಿನ ಒಂಬತ್ತೂವರೆ.

ಪೆಟ್ಟಿಗೆ ಯಾರು ಕೂರಿಸಿದ್ದು ಎಂದು ಕೇಳಿದೆ. ಅಕ್ಕ ಭಾವನನ್ನು ನೋಡಿದಳು. ಭಾವ ಆಕಾಶ ನೋಡಿದರು.

ಸ್ಟೀರಿಂಗ್ ಕೆಳಗೆ ತಲೆ ತೂರಿಸಿದೆ. ಹಳದಿ, ನೀಲಿ, ಗುಲಾಬಿ ವೈರುಗಳು. ಬೆಸುಗೆ ಹಾಕಿಲ್ಲ! ಕೈಯಲ್ಲಿ ತಿರುಚಿ ಟೇಪು ಸುತ್ತಿ ಬಿಟ್ಟಿದ್ದಾನೆ. ಹಳಿಯ ಮೇಲೆ ಎರಡು ಸಲ ಕುಲುಕಿದ್ದಕ್ಕೇ ಬಿಟ್ಟುಕೊಂಡಿದೆ. ಬೂಟುಗಾಲಿನಲ್ಲಿ ಒಂದು ಒದೆ ಕೊಟ್ಟೆ. ಗಾಡಿ ಸ್ಟಾರ್ಟ್ ಆಯಿತು.

"ಟ್ಯಾಗ್ ಎರಡು ಬರ್ತವೆ. ಇನ್ನೊಂದೆಲ್ಲಿ?" ಎಂದು ಭಾವನನ್ನು ಕೇಳಿದೆ.

ಅರ್ಜೆಂಟಿಗೆ ಬೇಕಾಗುತ್ತೆ ಅಂತ ಪೆಟ್ಟಿಗೆ ಕೂರಿಸಿದ ಅಂಗಡಿಯವನೇ ಇಟ್ಟುಕೊಂಡನಂತೆ. ತುಂಬಾ ಒಳ್ಳೆಯವನಂತೆ. ಕಾರನ್ನು ಕೀ ಸಮೇತ ಅವನ ಹತ್ತಿರ ಒಂದು ದಿನ ಬಿಟ್ಟು ಬಂದಿದ್ದರಂತೆ!

ನನಗೆ ಪಿತ್ತ ನೆತ್ತಿಗೇರಿತು.

ಅಂಗಡಿಗೆ ಹೋದೆವು. ಭಾವ ಮುಖ ತೋರಿಸಲು ನಾಚಿ ಕಾರಿನಲ್ಲೇ ಕೂತರು. ಅಕ್ಕ ಕಾರಿಗೆ ಬೀಗ ಹಾಕದೆ, ಕೀಗೊಂಚಲು ಮಾತ್ರ ಹಿಡಿದು ನನ್ನ ಹಿಂದೆ ಬಂದಳು. ಅಂಗಡಿಯವನು ಗಿಡ್ಡ, ಮೀಸೆ ದಪ್ಪ. ಅವನ ತಲೆಯ ಮೇಲೆ ಗೋಡೆಯಲ್ಲಿ ಚಿನ್ನದ ಬಣ್ಣದ ಚೌಕಟ್ಟಿನೊಳಗೆ ಸರ್ಟಿಫಿಕೇಟು ಫಳಫಳ ಹೊಳೆಯುತ್ತಿತ್ತು. ಅವನಿಗೆ ಅಲ್ಲೇ ಗಿಲೀಟಪ್ಪ ಎಂದು ಹೆಸರಿಟ್ಟೆ.

ಸರ್ಟಿಫಿಕೇಟಿನ ನಂಬರು ನೋಡಿಕೊಂಡು, ಅದನ್ನು ಕೊಡುವ ಫಿಟ್ಟರುಗಳ ಸಂಘಕ್ಕೆ ಅವನ ಎದುರಿಗೇ ಫೋನು ಮಾಡಿದೆ. ಭಾವ ಮಾಡಬೇಕಿದ್ದ ಕೆಲಸ ಅದು. ಎರಡು ನಿಮಿಷವೂ ಹಿಡಿಯಲಿಲ್ಲ. ಆ ನಂಬರಿನ ಫಿಟ್ಟರು ತೀರಿಕೊಂಡು ಆರು ವರ್ಷವಾಯಿತು ಎಂದಳು ಅಲ್ಲಿಯ ಗುಮಾಸ್ತೆ.

ಎದುರಿಗೆ ನಿಂತವನನ್ನು ನೋಡಿದೆ. ಸತ್ತವನ ಹಾಗೆ ಕಾಣಲಿಲ್ಲ.

ಗಿಲೀಟಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡ. "ಬಂದ ದಾರೀಲಿ ಹೋಗ್ತಾ ಇರು," ಎಂದ. ನಾನು ಮೇಜಿನ ಡ್ರಾಯರ್ ಎಳೆದೆ. ಒಳಗೆ ಇಪ್ಪತ್ತಾದರೂ ಟ್ಯಾಗುಗಳು! ಒಂದೊಂದಕ್ಕೂ ಒಂದೊಂದು ನಕಲಿ ಕೀ, ಜೊತೆಗೆ ಕಾರಿನ ನಂಬರು ಬರೆದ ಚೀಟಿ. ಬೀಗ ಹಾಕಿಕೊಡುವವನೇ ಬೀಗ ತೆಗೆಯುವವನು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಅಕ್ಕನ ಕಾರಿನ ಚೀಟಿ ಹುಡುಕಿದೆ. ಇರಲಿಲ್ಲ.

ಹೊರಗೆ ಎಂಜಿನ್ ಸದ್ದು ಕೇಳಿತು. ಗಿಲೀಟಪ್ಪನ ಪಾಲುದಾರ, ಅಷ್ಟು ಹೊತ್ತು ಮೂಲೆಯಲ್ಲಿ ವೈರು ಸುತ್ತುತ್ತಿದ್ದವನು, ನಾನು ಫೋನಿನಲ್ಲಿದ್ದಾಗಲೇ ನಮ್ಮ ಕಾರಿನ ಎರಡನೇ ಟ್ಯಾಗೂ ನಕಲಿ ಕೀಯೂ ಎತ್ತಿಕೊಂಡು ಜಾರಿಕೊಂಡಿದ್ದ. ಅವರ ಹೊಲಸು ಕೆಲಸಕ್ಕೆ ದೊಡ್ಡ ಸಾಕ್ಷಿ ಆ ಕಾರು. ಅದನ್ನೇ ಮಾಯ ಮಾಡಲು ಹೊರಟಿದ್ದ!

"ನನ್ನ ಗಾಡಿ," ಎಂದಳು ಅಕ್ಕ.

"ಅಕ್ಕ, ಒಳಗೆ ಭಾವ ಇದ್ದಾರೆ."

"ಗೊತ್ತು. ನನ್ನ ಗಾಡಿ."

ಅಂಗಡಿಯ ಮುಂದೆ ಗಿಲೀಟಪ್ಪನ ಸ್ಕೂಟರಿತ್ತು. ಕೀ ಅದರಲ್ಲೇ ಇತ್ತು! ಊರಿಗೆಲ್ಲಾ ಬೀಗ ಮಾರುವವನ ಸ್ಕೂಟರು ನೋಡಿ. ಅಕ್ಕ ಹತ್ತಿದಳು. ನಾನು ಹಿಂದೆ ಕೂತೆ. ಗಿಲೀಟಪ್ಪ ಸ್ಕ್ರೂಡ್ರೈವರ್ ಹಿಡಿದು ನಾಲ್ಕು ಹೆಜ್ಜೆ ಓಡಿ ನಿಂತ.

ಬೇರೆ ಯಾರಾದರೂ ಆಗಿದ್ದರೆ ಗಾಳಿಯ ಹಾಗೆ ಓಡಿಸುತ್ತಿದ್ದರು. ಅಕ್ಕ ತಿರುವಿಗೆ ಮೊದಲು ಕೈ ತೋರಿಸಿದಳು. ಶಾಲೆಯ ಮುಂದೆ ನಿಧಾನ ಮಾಡಿದಳು. ಚೌಕದಲ್ಲಿ ಕೆಂಪು ದೀಪ ಬಿತ್ತು. ನಿಲ್ಲಿಸಿಯೇಬಿಟ್ಟಳು!

ಕಾರು ಎದುರಿನ ರಸ್ತೆಯಲ್ಲಿ ಚಿಕ್ಕದಾಗುತ್ತಾ ಹೋಯಿತು. ನಾನು ಬೇಡಿಕೊಂಡೆ. ಬೈದೆ.

"ಕೆಂಪು ಅಂದ್ರೆ ಕೆಂಪು," ಎಂದಳು. ಕನ್ನಡಿಯಲ್ಲಿ ನೋಡಿದೆ, ಕಣ್ಣು ತುಂಬಿತ್ತು. ಆದರೂ ಕಾಲು ನೆಲ ಬಿಡಲಿಲ್ಲ. ಆ ಗಳಿಗೆಯಲ್ಲಿ ಅವಳನ್ನು ಕಂಡು ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಹಸಿರು ಬಿತ್ತು. ಹೊರಟೆವು. ಮುಂದಿನ ರಸ್ತೆಯಲ್ಲಿ ಒಂದು ಹಂಪು. ಹಂಪಿನ ಆಚೆ ನಮ್ಮ ಕಾರು, ಸತ್ತು ನಿಂತಿತ್ತು.

ಮಾಡಿದ್ದುಣ್ಣೋ ಮಹಾರಾಯ! ಅವನೇ ತಿರುಚಿದ ವೈರು ಅವನ ಕೈಯಲ್ಲೇ ಬಿಟ್ಟುಕೊಂಡಿತ್ತು. ಪಾಲುದಾರ ಇನ್ನೂ ಕೀ ತಿರುಗಿಸುತ್ತಿದ್ದ. ಭಾವ ಹಿಂದಿನಿಂದ ಅವನ ಎರಡೂ ಕಿವಿ ಹಿಡಿದುಕೊಂಡಿದ್ದರು. ಬೆಲ್ಟ್ ಹಾಕಿಕೊಳ್ಳದೆ ಓಡಿಸಿದನಂತೆ, ಅದಕ್ಕೆ ಸಿಟ್ಟು ಬಂತಂತೆ.

ಪೊಲೀಸರು ಪಾಲುದಾರನನ್ನೂ ಗಿಲೀಟಪ್ಪನನ್ನೂ ಆ ಡ್ರಾಯರನ್ನೂ ಎತ್ತಿಕೊಂಡು ಹೋದಾಗ ಹನ್ನೊಂದೂಕಾಲು.

ಐದಕ್ಕೆ ಇನ್ನು ಆರು ಗಂಟೆಯೂ ಇಲ್ಲ. ಸಂಘದ ಪಟ್ಟಿ ತರಿಸಿದೆ. ಹತ್ತಿರದಲ್ಲಿ ಮೂವರು ಸರ್ಟಿಫೈಡ್ ಫಿಟ್ಟರುಗಳು. ಮೂವರ ನಂಬರೂ ಅಸಲಿ. ಯಾರನ್ನು ಆರಿಸಬೇಕು ಎಂದು ನಾನು ಉಪದೇಶ ಶುರುಮಾಡಿದೆ. ಅಕ್ಕ ಫೋನು ಕಿತ್ತುಕೊಂಡಳು. ಮೂವರಿಗೂ ಒಂದೇ ಪ್ರಶ್ನೆ ಕೇಳಿದಳು.

ಪೆಟ್ಟಿಗೆ ಎಲ್ಲಿ ಕೂರಿಸುತ್ತೀರಿ?

ಮೊದಲನೆಯವನು ಖುಷಿಯಿಂದ ವಿವರಿಸಿದ. ಸ್ಟೀರಿಂಗ್ ಕೆಳಗೆ, ಎಡಕ್ಕೆ, ಎಲ್ಲಾ ಕಾರಿಗೂ ಅಲ್ಲೇ. ಎರಡನೆಯವನು ಫೋಟೋ ಕಳಿಸುತ್ತೇನೆ ಎಂದ. ಮೂರನೆಯವರು ಹೆಂಗಸು, ಒರಟು ದನಿ.

"ಫೋನಲ್ಲಿ ಹೇಳೋದಾದ್ರೆ ಬಚ್ಚಿಡೋದು ಯಾಕೆ?" ಎಂದು ಫೋನು ಕುಕ್ಕಿದರು.

"ಇವರೇ," ಎಂದಳು ಅಕ್ಕ.

ಇಪ್ಪತ್ತೆರಡು ವರ್ಷದ ಅನುಭವ ನನ್ನದು, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಫಿಟ್ಟರಮ್ಮನ ಗೋಡೆಯ ಮೇಲೆ ಒಂದು ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. ಸರ್ಟಿಫಿಕೇಟು ಕೇಳಿದರೆ ಪರ್ಸಿನಿಂದ ಫೋಟೋ ಇರುವ ಕಾರ್ಡು ತೆಗೆದು ತೋರಿಸಿದರು. ಆಮೇಲೆ ನಮ್ಮನ್ನೇ ವಿಚಾರಣೆ ಮಾಡಿದರು. ಗಾಡಿ ಯಾರ ಹೆಸರಿನಲ್ಲಿದೆ, ಕಾಗದ ಎಲ್ಲಿ, ಗುರುತಿನ ಚೀಟಿ ಎಲ್ಲಿ... ಅಕ್ಕನ ಮುಖವನ್ನೂ ಫೋಟೋವನ್ನೂ ಎರಡೆರಡು ಸಲ ಹೋಲಿಸಿ ನೋಡಿದರು.

"ಒಡತಿ ಇರ್ಲಿ. ನೀವಿಬ್ರು ಹೊರಗೆ," ಎಂದರು.

ನಾನು ಯಾರು, ನನ್ನ ಕೆಲಸ ಏನು ಎಂದು ತಿಳಿಸಿದೆ. ಹಾಗಾದರೆ ನೀವು ಇನ್ನೂ ದೂರ ಹೋಗಿ ನಿಲ್ಲಿ ಎಂದು ಶಟರ್ ಎಳೆದರು!

ಒಳಗೆ ಏನಾಯಿತೋ ಗೊತ್ತಿಲ್ಲ. ನಾಲ್ಕೂಕಾಲಿಗೆ ಶಟರ್ ಎದ್ದಿತು. ಅಕ್ಕನ ಕೈಯಲ್ಲಿ ಎರಡು ಟ್ಯಾಗ್, ಒಂದು ಸರ್ಟಿಫಿಕೇಟು, ಅರಗು ಹಾಕಿದ ಒಂದು ಲಕೋಟೆ. ಪೆಟ್ಟಿಗೆ ಎಲ್ಲಿದೆ ಎಂಬ ನಕ್ಷೆ ಆ ಲಕೋಟೆಯಲ್ಲಿತ್ತು. ತೋರಿಸು ಎಂದೆ. ಅಕ್ಕ ಅದನ್ನು ಬ್ಯಾಗಿನಲ್ಲಿ ಹಾಕಿ ಜಿಪ್ ಎಳೆದಳು. ಟ್ಯಾಗುಗಳನ್ನು ಇಟ್ಟುಕೊಂಡು ಕೀ ಒಂದನ್ನೇ ನನ್ನ ಕೈಗೆ ಕೊಟ್ಟಳು.

"ಕದಿ ನೋಡೋಣ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಹೋದ ವರ್ಷ ಖಾಲಿ ಜಾಗದಲ್ಲಿ ನಿಂತಾಗಿನ ಮುಖವೇ ಅದು.

ಅವಳು ಟ್ಯಾಗು ಹಿಡಿದು ದೂರ ಹೋಗಿ ನಿಂತಳು. ನಾನು ಅಂಗಿಯ ತೋಳು ಮಡಚಿದೆ. ಸ್ಟೀರಿಂಗ್ ಕೆಳಗೆ ನೋಡಿದೆ, ಎಲ್ಲಾ ವೈರೂ ಕಪ್ಪು, ಎಲ್ಲಕ್ಕೂ ಕಾರ್ಖಾನೆಯದೇ ಬಟ್ಟೆ ಟೇಪು. ಹೊಸದು ಯಾವುದು, ಹಳೆಯದು ಯಾವುದು, ಬ್ರಹ್ಮನಿಗೂ ತಿಳಿಯದು. ಬಾನೆಟ್ ಎತ್ತಿದೆ. ಫ್ಯೂಸುಗಳನ್ನು ಕಿತ್ತು ಮತ್ತೆ ಹಾಕಿದೆ. ಸೀಟಿನ ಕೆಳಗೆ ತೆವಳಿದೆ. ಒದ್ದೂ ನೋಡಿದೆ. ಕೀ ತಿರುಗಿಸಿದರೆ ಅದೇ ಮೌನ.

ಹತ್ತು ನಿಮಿಷಕ್ಕೆ ಬೆವರಿಳಿಯಿತು. ಹೊರಗೆ ಬಂದು ಕೈ ಮುಗಿದೆ.

ಅಕ್ಕ ನಕ್ಕಳು. ವರ್ಷದ ಮೇಲೆ ಅವಳು ಹಾಗೆ ನಕ್ಕಿದ್ದು. ಸೋತು ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಅವಳು ಟ್ಯಾಗು ತಂದು ಕಾರು ಹತ್ತಿ, ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿ, ಭಾವನನ್ನು ಕೂರಿಸಿಕೊಂಡು ಇನ್ಶೂರೆನ್ಸ್ ಆಫೀಸಿನ ಕಡೆ ಹೊರಟಳು. ಐದಕ್ಕೆ ಇನ್ನೂ ಅರ್ಧ ಗಂಟೆಯಿತ್ತು, ಆಫೀಸು ಎರಡು ರಸ್ತೆ ಆಚೆ.

ಫಿಟ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಗಡಿಯಾರ ನೋಡಿದರು.

"ಹತ್ತೇ ನಿಮಿಷಕ್ಕೆ ಕೈ ಎತ್ತಿಬಿಟ್ರಿ. ಹೋದ ತಿಂಗಳು ನಾನು ಪೆಟ್ಟಿಗೆ ಕೂರಿಸಿದ್ದ ಇನ್ನೊಂದು ಗಾಡಿಗೆ ಬಂದಿದ್ದ ಕಳ್ಳ ಒಂದೂವರೆ ಗಂಟೆ ಒದ್ದಾಡಿದ್ದ. ಪೊಲೀಸ್ರು ಬಂದು ಸಾಕು ಏಳಪ್ಪ ಅನ್ನಬೇಕಾಯ್ತು."

ಏನು ಹೇಳಲಿ ಸ್ವಾಮಿ... ಸಂಬಳಕ್ಕೆ ಕದಿಯುವವರಲ್ಲಿ ಅಷ್ಟು ಶ್ರದ್ಧೆ ಎಲ್ಲಿಂದ ಬರಬೇಕು?