ಕಾಂತೇಶ್ ಬರೆದ ನಲವತ್ತು ಪತ್ರ

ಫಾಲ್ಗುಣದ ಬಿಸಿಲು ಏರುವ ಮೊದಲೇ ಮೇಗುಂದದ ರೇಣುಕಪ್ಪನವರ ಅಂಗಳದಲ್ಲಿ ಮಾವಿನ ಮಿಡಿ ಆರಿಸುವ ಕೆಲಸ ಶುರುವಾಗಿತ್ತು. ತೊಟ್ಟಿರುವ ಮಿಡಿ ಒಂದು ಕಡೆ, ನೆಲಕ್ಕೆ ಬಿದ್ದು ಪೆಟ್ಟಾದದ್ದು ಇನ್ನೊಂದು ಕಡೆ. ಪೆಟ್ಟಾದದ್ದು ಒಂದೇ ಒಂದು ಸೇರಿದರೂ ಭರಣಿ ಪೂರ್ತಿ ಕೆಡುತ್ತದೆಂದು ರೇಣುಕಪ್ಪನವರ ಮಗಳು ಗಾನವಿ ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದಳು.

ಅವತ್ತು ಮಾತ್ರ ಅವಳ ಕಣ್ಣು ಮತ್ತೆ ಮತ್ತೆ ಗೇಟಿನ ಕಡೆ ಹೋಗುತ್ತಿತ್ತು.

ಗೇಟು ದಾಟಿ ಕಾಂತೇಶ್ ಬಂದ. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟವನು. ಗಾನವಿಯ ಉಪ್ಪಿನಕಾಯಿ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು. ಅವಳ ಮನಸ್ಸಿನಲ್ಲಿ ಅವನಿಗೆ ಅದಕ್ಕಿಂತ ದೊಡ್ಡ ಜಾಗವೇ ಇತ್ತು... ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

"ಎಂತ ಮಾಡಿ ಇಟ್ಟಿದೀರಿ ಇದು?" ಅವಳು ಮೊಬೈಲ್ ಮುಂದೆ ಹಿಡಿದಳು. "ಜೂಜಿನ ಸೈಟು, ಯಾವ್ಯಾವುದೋ ದೇಶದ ಸೈಟು... ನಮ್ಮ ಪುಟಕ್ಕೆ ಐದು ಸಾವಿರ ಲಿಂಕ್! ದುಡ್ಡು ಕೊಟ್ಟು ಹಾಕಿಸಿದ ಲಿಂಕ್ ಅಂತ ಗೂಗಲ್ ನಮ್ಮನ್ನ ತೆಗೆದುಹಾಕಿದೆ, ಈಗ ಹುಡುಕಿದ್ರೆ ನಮ್ಮ ಹೆಸರೇ ಬರಲ್ಲ. ಹದಿನೈದು ದಿನದಿಂದ ಒಂದು ಆರ್ಡರ್ ಇಲ್ಲ!"

"ಗಾನವಿ, ನಾನು..."

"ನೀವೇ ಹೇಳಿದ್ದಲ್ವಾ? ಲಿಂಕ್ ಅಂದ್ರೆ ದುಡ್ಡು ಕೊಟ್ಟು ತರೋದಲ್ಲ, ತಿಂದವರು ಮೆಚ್ಚಿ ಅವರ ಪುಟದಲ್ಲಿ ನಮ್ಮ ವಿಳಾಸ ಹಾಕಬೇಕು, ಅದೇ ಗಟ್ಟಿ ಅಂತ? ಮತ್ತೆ ಈ ಕಸ ಎಲ್ಲಿಂದ ಬಂತು? ಸೈಟು ನೋಡ್ಕೊಳ್ಳೋರು ನೀವೊಬ್ಬರೇ!"

ಮಿಡಿ ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತವು. ಕಾಂತೇಶ್ ಮನೆಬಾಗಿಲ ಕಡೆ ನೋಡಿದ. ಅಲ್ಲಿ ರೇಣುಕಪ್ಪ ತಲೆ ತಗ್ಗಿಸಿ ನಿಂತಿದ್ದರು.

ಏನೋ ಹೇಳಹೊರಟವನು ಬಾಯಿ ಮುಚ್ಚಿಕೊಂಡ.

'ಸುಮ್ಮನಿದ್ದಾನೆ... ಅಂದರೆ ನಿಜ!'

"ಇನ್ನು ಈ ಅಂಗಳಕ್ಕೆ ಬರಬೇಡಿ."

ಅವನು ಬರಲಿಲ್ಲ. ಫೋನೂ ಮಾಡಲಿಲ್ಲ.

ದೀಪಾವಳಿ ಕಳೆದ ಮೇಲೆ, ಒಂದೊಂದಾಗಿ ಆರ್ಡರ್ ಬರತೊಡಗಿದವು. ಒಬ್ಬರು ಸಿರಿಮನೆಯ ಹೋಂಸ್ಟೇ ಪುಟದಲ್ಲಿ ವಿಳಾಸ ನೋಡಿದ್ದರು. ಇನ್ನೊಬ್ಬರಿಗೆ ಶೃಂಗೇರಿಯ ಅಡುಗೆಯವರೊಬ್ಬರ ಬರಹದಲ್ಲಿ ಸಿಕ್ಕಿತ್ತು. ಎನ್.ಆರ್. ಪುರದ ಮೇಷ್ಟ್ರೊಬ್ಬರು ಕಾಡುಮಾವಿನ ಬಗ್ಗೆ ಬರೆಯುತ್ತಾ ಗಾನವಿಯ ಸೈಟಿಗೆ ಲಿಂಕ್ ಕೊಟ್ಟಿದ್ದರು.

'ಇವರಿಗೆಲ್ಲ ನಾನು ಹೇಗೆ ಗೊತ್ತು?'

ಮತ್ತೆ ಮಿಡಿಯ ಕಾಲ ಬಂದಾಗ, ಒಂದು ಬಾಟಲಿ ಹಿಡಿದು ಅವಳು ಸಿರಿಮನೆಗೆ ಹೋದಳು. ಹೋಂಸ್ಟೇ ನಡೆಸುವ ಸುಲೋಚನಮ್ಮ ನಕ್ಕುಬಿಟ್ಟರು.

"ನಂಗೆ ಎಂತಕ್ಕೆ ಥ್ಯಾಂಕ್ಸು ಮಾರಾಯ್ತಿ? ಆ ಕೊಪ್ಪದ ಕಾಂತೇಶನಿಗೆ ಹೇಳು. ಮೊದಲು ಪತ್ರ ಬರೆದ. ಆಮೇಲೆ ದಿನಸಿ ಅಂಗಡೀಲಿ ನಿಮ್ದೇ ಬಾಟಲಿ ಕೊಂಡು, ಹಿಡ್ಕೊಂಡು ಮೂರು ಸಲ ಬಂದ. ಲಿಂಕ್ ಹಾಕೋಕೆ ಎಷ್ಟು ಕೊಡ್ತೀಯ ಅಂತ ತಮಾಷೆ ಮಾಡಿದೆ. 'ಒಂದು ಪೈಸೆ ಕೊಡಲ್ಲ ಅಮ್ಮಾ, ತಿಂದು ನೋಡಿ. ಚೆನ್ನಾಗಿಲ್ದಿದ್ರೆ ಹಾಗೇ ಬರೀರಿ' ಅಂದ! ಇಂಥ ನಲವತ್ತು ಪತ್ರ ಬರೆದಿದಾನಂತೆ. ಉತ್ತರ ಬಂದಿದ್ದು ಏಳೋ ಎಂಟೋ."

ಅವತ್ತು ಕಾಂತೇಶ್ ಮನೆಬಾಗಿಲ ಕಡೆ ನೋಡಿದ್ದು, ಅಲ್ಲಿ ಅಪ್ಪಾಜಿ ತಲೆ ತಗ್ಗಿಸಿ ನಿಂತಿದ್ದು ಗಾನವಿಗೆ ನೆನಪಾಯಿತು. ಮೋಸ ಮಾಡಿದವನು ಹೀಗೆ ಮನೆಮನೆ ಅಲೆಯುತ್ತಾನೆಯೇ?

ಮನೆಗೆ ಬಂದವಳೇ ತಂದೆಯ ಎದುರು ನಿಂತಳು. "ಅಪ್ಪಾಜಿ, ಆ ಐದು ಸಾವಿರ ಲಿಂಕ್ ಹಾಕಿಸಿದ್ದು ಯಾರು?"

ರೇಣುಕಪ್ಪ ಮುಖ ಎತ್ತಲಿಲ್ಲ. "ನಾನೇ ಕಣವ್ವಾ... ಫೋನಲ್ಲಿ ಒಬ್ಬ ಹೇಳ್ದ, ಎಷ್ಟು ಲಿಂಕೋ ಅಷ್ಟು ಗಿರಾಕಿ ಅಂತ. ಊರೆಲ್ಲ ನಮ್ಮ ಹೆಸರು ಹೇಳಿದ್ರೆ ಒಳ್ಳೇದೇ ಅಲ್ವಾ ಅಂದ್ಕೊಂಡು ದುಡ್ಡು ಕಳಿಸ್ದೆ. ಕೆಟ್ಟುಹೋಯ್ತು. ಅವತ್ತು ಬೆಳಿಗ್ಗೆನೇ ಕಾಂತೇಶನಿಗೆ ಫೋನ್ ಮಾಡಿ, ಮಗಳಿಗೆ ಹೇಳಬೇಡಪ್ಪಾ ಅಂತ ಕೇಳ್ಕೊಂಡಿದ್ದೆ. ಆಮೇಲೆ ಹೇಳೋಕೆ ನಂಗೆ ಮುಖ ಇರಲಿಲ್ಲ."

ಮರುದಿನ ಅವಳು ಕೊಪ್ಪದ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕಾಂತೇಶ್ ಎದ್ದು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

"ಎಲ್ಲಾ ಗೊತ್ತಾಯ್ತು. ಅಂಗಡಿ ಕೆಲಸ ಬಿಟ್ಟು... ಯಾಕೆ ಮಾಡಿದ್ರಿ?"

"ಉಪ್ಪಿನಕಾಯಿ ಒಳ್ಳೇದಿತ್ತು. ಅದಕ್ಕೆ ಕೆಟ್ಟ ಹೆಸರು ಬರಬಾರದಿತ್ತು."

"ಅವತ್ತು ನಾನು ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು..."

"ಹ್ಞೂಂ. ಕೇಳಬೇಕಿತ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಕಾಂತೇಶ್, ನನಗೆ ನೀವಂದ್ರೆ ಮೊದಲಿಂದಲೂ ಇಷ್ಟ. ಈಗಲೂ..."

ಅವನು ಮೇಜಿನ ಅಂಚು ಹಿಡಿದುಕೊಂಡ.

"ನನಗೂ. ಮೊದಲ ಬಾಟಲಿಯ ಫೋಟೋ ತೆಗೆದ ದಿನದಿಂದ." ಕುರ್ಚಿಯನ್ನು ಮತ್ತೆ ಪಕ್ಕಕ್ಕೆ ಸರಿಸಿದ. "ಹೋದ ಶುಕ್ರವಾರ ವೀಳ್ಯಶಾಸ್ತ್ರ ಆಗಿ ನನ್ನ ಮದುವೆ ನಿಶ್ಚಯ ಆಯ್ತು ಗಾನವಿ. ಬಾಳೆಹೊನ್ನೂರಿನ ಹುಡುಗಿ, ಮೇಘನ. ಏನೂ ತಪ್ಪು ಮಾಡದವಳು ಅವಳು. ಹತ್ತು ಜನರ ಎದುರು ಅವಳ ಮುಖ ಸಣ್ಣದಾಗೋ ಹಾಗೆ ಮಾಡೋಕೆ ನನ್ನಿಂದ ಆಗಲ್ಲ. ಅದು ಹೇಗಿರುತ್ತೆ ಅಂತ ನನಗೆ ಗೊತ್ತು."

ಶುಕ್ರವಾರ! ನಾಲ್ಕೇ ದಿನ ತಡವಾಯಿತು... ಹೊರಗೆ ಶೃಂಗೇರಿ ಬಸ್ಸಿನ ಕಂಡಕ್ಟರ್ ಜನರನ್ನು ಕೂಗಿ ಕರೆಯುತ್ತಿದ್ದ. ಗಾನವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮ ಋಣ ಹೇಗೆ ತೀರಿಸಲಿ?"

"ತೀರಿಸಬೇಡಿ. ಇರಲಿ."

ಅವಳು ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಆ ಪತ್ರಗಳಲ್ಲಿ ನನ್ನ ಬಗ್ಗೆ ಎಂತ ಬರೆದಿದ್ರಿ?"

"ಉಪ್ಪಿನಕಾಯಿ ಬಗ್ಗೆ ಬರೆದಿದ್ದೆ."

"ಅಷ್ಟೇನಾ?"

ಅವನ ಕೈ ಮೇಜಿನ ಡ್ರಾಯರ್ ಮೇಲೆ ಹೋಗಿ ನಿಂತಿತು.

"ಕಳಿಸಿದ್ದರಲ್ಲಿ ಅಷ್ಟೇ, ಗಾನವಿ."